ಹುಲ್ಲಿನಲ್ಲಿ ಮೊದಲ ಪಾಲು ಯಾರದ್ದು?

ಹಸು ಹುಲ್ಲು ತಿಂದು ಬದುಕುತ್ತದೆ ಅನ್ನುವುದು ಮೂರು ವರ್ಷದ ಮಗುವಿಗೂ ಗೊತ್ತು. ಆದರೆ ಹುಲ್ಲಿನ ನಾರನ್ನು ಅರಗಿಸುವ ಶಕ್ತಿ ಹಸುವಿಗಿಲ್ಲ. ಆ ನಾರಿನಲ್ಲಿ ಹೆಚ್ಚಿನ ಪಾಲು ಸೆಲ್ಯುಲೋಸ್. ಅದನ್ನು ಕತ್ತರಿಸುವ ಕಿಣ್ವ ಹಸುವಿನ ಜೊಲ್ಲಿನಲ್ಲಿಲ್ಲ, ಜಠರದಲ್ಲಿಲ್ಲ, ಕರುಳಿನಲ್ಲೂ ಇಲ್ಲ. ಕುರಿ, ಆಡು, ಎಮ್ಮೆ, ಜಿಂಕೆ, ಜಿರಾಫೆಗಳದ್ದೂ ಇದೇ ಪಾಡು. ಕುದುರೆ, ಆನೆಗಳದ್ದೂ ಇದೇ. ದೇಹದ ಸ್ವಂತ ಬಂಡವಾಳವನ್ನಷ್ಟೇ ಲೆಕ್ಕ ಹಾಕಿದರೆ, ಒಂದು ಹೊರೆ ಒಣಹುಲ್ಲಿನ ಮುಂದೆ ಹಸುವೂ ನಾವೂ ಒಂದೇ.

ಬೇಸರದ ಸಂಗತಿ ಏನೆಂದರೆ, ಸೆಲ್ಯುಲೋಸ್ ಅಂದರೆ ಬರೀ ಗ್ಲೂಕೋಸ್. ಕಾಳು, ಗಡ್ಡೆಗಳಲ್ಲಿರುವ ಪಿಷ್ಟವೂ ಗ್ಲೂಕೋಸೇ. ಎರಡೂ ಒಂದೇ ಜಾತಿಯ ಮಣಿಗಳಿಂದ ಪೋಣಿಸಿದ ಸರಗಳು. ಸೆಲ್ಯುಲೋಸಿನಲ್ಲಿ ಮಾತ್ರ ಒಂದು ಬಿಟ್ಟು ಒಂದು ಮಣಿ ತಲೆಕೆಳಗಾಗಿ ಕೂತಿರುತ್ತದೆ. ಇಷ್ಟು ಸಣ್ಣ ವ್ಯತ್ಯಾಸದಿಂದ ಸರ ಸುರುಳಿಯಾಗದೆ ನೆಟ್ಟಗೆ ನಿಲ್ಲುತ್ತದೆ. ನೆಟ್ಟಗಿನ ಸರಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡು ನಾರಾಗುತ್ತವೆ. ಪಿಷ್ಟ ಕತ್ತರಿಸುವ ಕಿಣ್ವಕ್ಕೆ ಅಲ್ಲಿ ಹಿಡಿತವೇ ಸಿಗುವುದಿಲ್ಲ. ಗಿಡಮರಗಳು ತಯಾರಿಸುವ ವಸ್ತುಗಳಲ್ಲಿ ಎಲ್ಲಕ್ಕಿಂತ ಹೇರಳವಾಗಿರುವುದು ಇದೇ ಸೆಲ್ಯುಲೋಸ್. ಇಷ್ಟೊಂದು ಸಕ್ಕರೆ ಕಣ್ಣೆದುರಿಗೆ ಬಿದ್ದಿದೆ, ತಿನ್ನಲು ಆಗುವುದಿಲ್ಲ.

ಬ್ಯಾಕ್ಟೀರಿಯಾಗಳಿಗೆ ಆಗುತ್ತದೆ. ಕೆಲವು ಶಿಲೀಂಧ್ರಗಳಿಗೂ ಆಗುತ್ತದೆ. ಹಾಗಾಗಿ ಹುಲ್ಲು ತಿನ್ನುವ ದೊಡ್ಡ ಪ್ರಾಣಿಗಳೆಲ್ಲ ಹೊಟ್ಟೆಯಲ್ಲಿ ಎಲ್ಲೋ ಒಂದು ಕಡೆ ಇವುಗಳಿಗೆ ಜಾಗ ಕೊಟ್ಟಿವೆ. ಇಲ್ಲಿಯವರೆಗಿನದು ಶಾಲೆಯ ಪುಸ್ತಕದಲ್ಲೂ ಇದೆ. ನನಗೆ ಕುತೂಹಲ ಹುಟ್ಟಿಸುವುದು ಅದರ ಮುಂದಿನ ಪ್ರಶ್ನೆ: ಜಾಗ ಕೊಟ್ಟಿದ್ದು ಎಲ್ಲಿ? ಕುದುರೆ, ಆನೆ, ಘೇಂಡಾಮೃಗ, ಮೊಲಗಳಲ್ಲಿ ಆ ಜಾಗ ಹಿಂದಿದೆ. ಜಠರ ಮತ್ತು ಸಣ್ಣ ಕರುಳು ತಮ್ಮ ಕೆಲಸ ಮುಗಿಸಿದ ಮೇಲೆ ಉಳಿದದ್ದು ಸೂಕ್ಷ್ಮಜೀವಿಗಳಿಗೆ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಆ ಜಾಗ ಮುಂದಿದೆ. ಅಲ್ಲಿ ಮೊದಲ ಪಾಲು ಸೂಕ್ಷ್ಮಜೀವಿಗಳಿಗೆ. ಪ್ರಾಣಿಗೆ ಸಿಗುವುದು ಅವು ಬಿಟ್ಟಿದ್ದು.

ಕೇಳಿದರೆ ಇದು ನಷ್ಟದ ಒಪ್ಪಂದ ಅನ್ನಿಸುತ್ತದೆ, ಅಲ್ವಾ? ಕೆಲವು ವಿಷಯಗಳಲ್ಲಿ ಅದು ನಿಜಕ್ಕೂ ನಷ್ಟದ್ದೇ. ಆದರೆ ಹಸು ಗಂಟೆಗಟ್ಟಲೆ ಮಲಗಿ ದವಡೆ ಆಡಿಸುವುದು, ಒಣಹುಲ್ಲಿನಲ್ಲೇ ದಿನ ದೂಡುವುದು, ಕಾಳಿನ ಮೂಟೆಗೆ ಬಾಯಿ ಹಾಕಿದರೆ ಸಾಯುವುದು, ಮೀಥೇನ್ ತೇಗುವುದು, ಇವೆಲ್ಲ ಈ ಒಂದು ಕಾರಣಕ್ಕೇ. ಎಲ್ಲದಕ್ಕೂ ಬೇರೆಬೇರೆ ವಿವರಣೆ ಬೇಕಿಲ್ಲ.

ಹಸುವಿಗೆ ನಾಲ್ಕು ಹೊಟ್ಟೆ ಅನ್ನುತ್ತಾರೆ. ಇರುವುದು ಒಂದೇ ಹೊಟ್ಟೆ, ಅದರಲ್ಲಿ ನಾಲ್ಕು ಕೋಣೆ. ಪಠ್ಯಪುಸ್ತಕದ ಚಿತ್ರಗಳ ಬಗ್ಗೆ ನನ್ನ ಹಳೆಯ ತಕರಾರೊಂದಿದೆ. ಅವು ನಾಲ್ಕೂ ಕೋಣೆಗಳನ್ನು ಹೆಚ್ಚುಕಮ್ಮಿ ಒಂದೇ ಗಾತ್ರದಲ್ಲಿ ಬಿಡಿಸಿ, ಒಂದೊಂದಕ್ಕೂ ಒಂದೊಂದು ಹೆಸರು ಅಂಟಿಸಿ ಕೈತೊಳೆದುಕೊಳ್ಳುತ್ತವೆ. ನಿಜದಲ್ಲಿ ಮೊದಲ ಕೋಣೆ, ಅಂದರೆ ರೂಮೆನ್, ಉಳಿದೆಲ್ಲವನ್ನೂ ಪಕ್ಕಕ್ಕೆ ತಳ್ಳಿ ಕೂತಿರುತ್ತದೆ. ದೊಡ್ಡ ಹಸುವಿನ ರೂಮೆನ್ 100ರಿಂದ 200 ಲೀಟರ್ ಹಿಡಿಯುತ್ತದೆ. ಹೊಟ್ಟೆಯ ಎಡಭಾಗ ಪೂರ್ತಿ ಅದರದ್ದೇ. ಪಶುವೈದ್ಯರು ಎಡಪಕ್ಕೆಯ ಹಿಂದಿನ ಕುಳಿಯ ಮೇಲೆ ಮುಷ್ಟಿ ಒತ್ತಿ ಹಿಡಿಯುವುದು ಇದಕ್ಕೇ. ರೂಮೆನ್ ನಿಮಿಷಕ್ಕೆ ಒಂದೆರಡು ಸಲ ಮಗುಚಿ ಮುಷ್ಟಿಯನ್ನು ಹೊರಗೆ ತಳ್ಳುತ್ತದೆ. ತಳ್ಳದಿದ್ದರೆ ಏನೋ ಕೆಟ್ಟಿದೆ ಅಂತ ಅರ್ಥ.

ಒಳಗೆ ಕತ್ತಲು, ಸುಮಾರು 39 ಡಿಗ್ರಿ ಬಿಸಿ, ಆಮ್ಲಜನಕ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಒಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿ ಲೆಕ್ಕದಲ್ಲಿ ಬ್ಯಾಕ್ಟೀರಿಯಾಗಳು. ಅವನ್ನು ಹಿಡಿದು ತಿನ್ನುವ ಪ್ರೊಟೊಜೋವಾ ಎಂಬ ಏಕಕೋಶ ಜೀವಿಗಳು ಲಕ್ಷದ ಲೆಕ್ಕದಲ್ಲಿ. ಈ ಪ್ರೊಟೊಜೋವಾಗಳನ್ನು ಪ್ಯಾರಿಸಿನಲ್ಲಿ ಗ್ರೂಬಿ ಮತ್ತು ಡೆಲಾಫಾನ್ ಎಂಬಿಬ್ಬರು 1843ರಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ನೋಡುವುದು ಸುಲಭ, ಸಾಕುವುದು ಕಷ್ಟ. ಇಲ್ಲಿನ ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಗಾಳಿಯೇ ವಿಷ. ನಾರು ತಿನ್ನುವ ರೂಮೆನ್ ಬ್ಯಾಕ್ಟೀರಿಯಾಗಳನ್ನು ಗಾಳಿ ಸೋಕದಂತೆ ಕೊಳವೆಯೊಳಗೆ ಬೆಳೆಸುವ ವಿಧಾನವನ್ನು ಅಮೆರಿಕದ ರಾಬರ್ಟ್ ಹಂಗೇಟ್ ರೂಪಿಸಿದ್ದು 1940ರ ದಶಕದಲ್ಲಿ. ಅದಕ್ಕೂ ಮುಂಚೆ ಅವರು ಗೆದ್ದಲಿನ ಹೊಟ್ಟೆಯ ಮೇಲೆ ಕೆಲಸ ಮಾಡುತ್ತಿದ್ದರು. ಗೆದ್ದಲಿನಿಂದ ಹಸುವಿಗೆ ಬಂದದ್ದು ಅಂಥ ದೊಡ್ಡ ಜಿಗಿತವೇನಲ್ಲ. ಇಬ್ಬರದ್ದೂ ನಾರಿನ ಸಮಸ್ಯೆಯೇ.

ಇನ್ನೂ ತಮಾಷೆಯೆಂದರೆ ಶಿಲೀಂಧ್ರಗಳದ್ದು. ಬಾಲ ಆಡಿಸುತ್ತ ಈಜುವ ಕೆಲವು ಕಣಗಳನ್ನು ಎಲ್ಲರೂ ಪ್ರೊಟೊಜೋವಾ ಅಂದುಕೊಂಡಿದ್ದರು. ಅವು ಶಿಲೀಂಧ್ರದ ಬೀಜಕಣಗಳು ಅಂತ 1975ರಲ್ಲಿ ಕಾಲಿನ್ ಆರ್ಪಿನ್ ತೋರಿಸಿಕೊಟ್ಟರು. ಆಮ್ಲಜನಕ ಇಲ್ಲದೆ ಬದುಕಲೇಬೇಕಾದ ಶಿಲೀಂಧ್ರ ಇರಲು ಸಾಧ್ಯವೇ ಇಲ್ಲ ಅಂತ ಅಲ್ಲಿಯವರೆಗೆ ನಂಬಿಕೆಯಿತ್ತು. ಈ ಶಿಲೀಂಧ್ರಗಳು ಒಣಕಡ್ಡಿಯೊಳಗೆ ಬೇರು ಇಳಿಸಿ ಅದನ್ನು ಸೀಳುತ್ತವೆ. ಆ ಸೀಳುಗಳಲ್ಲಿ ಬ್ಯಾಕ್ಟೀರಿಯಾಗಳು ನುಗ್ಗುತ್ತವೆ.

ಎಲ್ಲರೂ ಕೈಚೆಲ್ಲುವುದು ಲಿಗ್ನಿನ್ ಮುಂದೆ. ಬಲಿತ ಕಾಂಡಕ್ಕೆ ಗಡಸುತನ ಕೊಡುವ ವಸ್ತು ಇದು. ಆಮ್ಲಜನಕ ಇಲ್ಲದ ಜಾಗದಲ್ಲಿ ಅದನ್ನು ಒಡೆಯುವುದು ಹೆಚ್ಚುಕಮ್ಮಿ ಆಗದ ಮಾತು. ಮರದ ಪುಡಿ ಹಾಕಿದರೆ ಹಸು ಬದುಕದಿರುವುದೂ, ಎಳೆ ಹುಲ್ಲಿಗೂ ತೆನೆ ಬಲಿತ ಮೇಲಿನ ಒಣಹುಲ್ಲಿಗೂ ಅಷ್ಟೊಂದು ವ್ಯತ್ಯಾಸ ಬರುವುದೂ ಇದರಿಂದಲೇ. ಎರಡರಲ್ಲೂ ಸೆಲ್ಯುಲೋಸ್ ಧಾರಾಳವಾಗಿದೆ. ಒಂದರಲ್ಲಿ ಅದು ಲಿಗ್ನಿನ್ ಹೊದ್ದು ಕೂತಿದೆ.

ಈಗ ಮೆಲುಕಿಗೆ ಬರೋಣ. ಹಸುವಿಗೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ, ಗಟ್ಟಿ ವಸಡು ಮಾತ್ರ. ನಾಲಿಗೆಯಿಂದ ಹುಲ್ಲನ್ನು ಸುತ್ತಿ, ಕೆಳಗಿನ ಹಲ್ಲಿಗೂ ವಸಡಿಗೂ ನಡುವೆ ಒತ್ತಿ ಕಿತ್ತು, ಅರ್ಧಂಬರ್ಧ ಜಗಿದು ನುಂಗುತ್ತದೆ. ಆಮೇಲೆ ಬಿಡುವಾದಾಗ ಒಂದೊಂದೇ ಉಂಡೆಯನ್ನು ಅನ್ನನಾಳದಲ್ಲಿ ಮೇಲಕ್ಕೆ ತಂದು, ಹೆಚ್ಚುಕಮ್ಮಿ ಒಂದು ನಿಮಿಷ ನುರಿದು, ಮತ್ತೆ ನುಂಗುತ್ತದೆ. ಇದು ದಿನಕ್ಕೆ ಆರರಿಂದ ಎಂಟು ಗಂಟೆಯ ಕೆಲಸ.

ಬೇಟೆಯ ಪ್ರಾಣಿಗಳ ಭಯದಲ್ಲಿ ಬೇಗಬೇಗ ತಿಂದು, ಸುರಕ್ಷಿತ ಜಾಗಕ್ಕೆ ಹೋಗಿ ಜಗಿಯುತ್ತವೆ ಅನ್ನುವ ವಿವರಣೆ ಬಹಳ ಜನಪ್ರಿಯ. ಅದರಲ್ಲಿ ಸತ್ಯ ಇರಬಹುದು. ನನಗೆ ಮಾತ್ರ ಅದು ಪೂರ್ತಿ ಒಪ್ಪಿಗೆಯಾಗಿಲ್ಲ. ಹಾಗಿದ್ದರೆ ಜೀಬ್ರಾ ಯಾಕೆ ಮೆಲುಕು ಹಾಕುವುದಿಲ್ಲ? ಸಿಂಹದ ಭಯ ಅದಕ್ಕೂ ಅಷ್ಟೇ ಇದೆಯಲ್ಲ. ಮೆಲುಕಿನ ನಿಜವಾದ ಒತ್ತಡ ರೂಮೆನ್‌ನ ಬಾಗಿಲಿನಲ್ಲಿದೆ. ರೂಮೆನ್ ಮತ್ತು ಅದಕ್ಕೆ ಅಂಟಿಕೊಂಡ ಎರಡನೇ ಕೋಣೆಯಿಂದ ಮುಂದಕ್ಕೆ ಹೋಗುವ ದಾರಿ ಕಿರಿದು. ಚೆನ್ನಾಗಿ ನುರಿದು, ಕೆಲವೇ ಮಿಲಿಮೀಟರಿನಷ್ಟು ಸಣ್ಣದಾಗಿ, ನೀರಲ್ಲಿ ಮುಳುಗುವಷ್ಟು ಭಾರವಾದ ಚೂರುಗಳೇ ಹೆಚ್ಚಾಗಿ ಆಚೆ ಹೋಗುವುದು. ಉದ್ದದ ಕಡ್ಡಿಗಳು ಮೇಲೆ ತೇಲುತ್ತ ಉಳಿಯುತ್ತವೆ. ಅವನ್ನು ಮತ್ತೆ ಬಾಯಿಗೆ ತಂದು ಪುಡಿ ಮಾಡದಿದ್ದರೆ ರೂಮೆನ್ ಖಾಲಿಯಾಗುವುದಿಲ್ಲ. ಖಾಲಿಯಾಗದಿದ್ದರೆ ಮುಂದಿನ ತುತ್ತಿಗೆ ಜಾಗವಿಲ್ಲ. ಒಳ್ಳೆಯ ಹುಲ್ಲು ಬೇಗ ಮುಂದೆ ಸಾಗುತ್ತದೆ, ಒರಟು ಹುಲ್ಲು ಎರಡು ಮೂರು ದಿನ ಒಳಗೇ ಉಳಿಯುತ್ತದೆ. ಹಾಗಾಗಿ ಕೆಟ್ಟ ಮೇವು ಸಿಕ್ಕಾಗ ಹಸು ಜಾಸ್ತಿ ತಿನ್ನುವ ಬದಲು ಕಡಿಮೆ ತಿನ್ನುತ್ತದೆ. ಹೊಟ್ಟೆ ತುಂಬಿರುತ್ತದೆ, ಮೈ ಸೊರಗುತ್ತದೆ.

ಜೀಬ್ರಾಗೆ ಈ ತೊಂದರೆ ಇಲ್ಲ. ಅದರ ಹುದುಗುವ ಜಾಗ ಹಿಂದಿದೆ, ಬಾಗಿಲಿನಲ್ಲಿ ಸೋಸುವಿಕೆ ಇಲ್ಲ. ಮೇವು ಕೆಟ್ಟದಾಗಿದ್ದರೆ ಇನ್ನಷ್ಟು ತಿಂದು ಬೇಗ ಹೊರಗೆ ಹಾಕುತ್ತದೆ. ಆಫ್ರಿಕಾದ ಸೆರೆಂಗೆಟಿಯ ಬಯಲಿನಲ್ಲಿ ಮಳೆ ಮುಗಿದ ಮೇಲೆ ಎತ್ತರದ ಒರಟು ಹುಲ್ಲಿಗೆ ಮೊದಲು ಬಾಯಿ ಹಾಕುವುದು ಜೀಬ್ರಾ. ಅದು ಮೇಲಿನ ಕಡ್ಡಿಗಳನ್ನು ಮೇಯ್ದು ಹೋದಮೇಲೆ ವಿಲ್ಡಬೀಸ್ಟ್ ಎಂಬ ದೊಡ್ಡ ಹುಲ್ಲೆ ಬರುತ್ತದೆ. ಅದರ ಹಿಂದೆ ಥಾಮ್ಸನ್ ಗೆಜೆಲ್ ಎಂಬ ಚಿಕ್ಕ ಜಿಂಕೆ ಬಂದು ಬುಡದ ಎಳೆ ಚಿಗುರು ಆರಿಸಿಕೊಳ್ಳುತ್ತದೆ. ಜೀಬ್ರಾದ ಹಿಂದೆ ಬರುವ ಈ ಎರಡೂ ಮೆಲುಕು ಹಾಕುವ ಜಾತಿಯವು. ಇವಕ್ಕೆ ಆರಿಸಿ ತಿನ್ನುವುದು ಶೋಕಿಯಲ್ಲ. ಒಳಗಿನ ಬಾಗಿಲು ಕಿರಿದು.

ಮೆಲುಕು ಬರೀ ನುರಿಯುವ ಕೆಲಸವೂ ಅಲ್ಲ. ಜಗಿದಷ್ಟೂ ಜೊಲ್ಲು. ದೊಡ್ಡ ಹಸು ದಿನಕ್ಕೆ 100 ಲೀಟರಿಗೂ ಜಾಸ್ತಿ ಜೊಲ್ಲು ಸುರಿಸಿ ನುಂಗುತ್ತದೆ. ಅದರಲ್ಲಿ ಬೈಕಾರ್ಬನೇಟ್ ಇದೆ, ನಮ್ಮ ಸೋಡಾಪುಡಿಯಲ್ಲಿರುವುದೇ. ರೂಮೆನ್‌ನಲ್ಲಿ ದಿನವಿಡೀ ಹುಟ್ಟುವ ಆಮ್ಲವನ್ನು ಇದು ಹದದಲ್ಲಿಡುತ್ತದೆ. ಇನ್ನೊಂದು ಸಂಗತಿ 2023ರಲ್ಲಿ ಪ್ರಕಟವಾಯಿತು. ಮೆಲುಕು ಹಾಕುವಾಗ ಹಿಮಸಾರಂಗಗಳ ಮೆದುಳಿನ ಅಲೆಗಳು ನಿದ್ದೆಯ ಅಲೆಗಳನ್ನೇ ಹೋಲುತ್ತಿದ್ದವು. ಜಾಸ್ತಿ ಹೊತ್ತು ಮೆಲುಕು ಹಾಕಿದವಕ್ಕೆ ಆಮೇಲೆ ನಿದ್ದೆಯೂ ಕಡಿಮೆ ಸಾಕಾಯಿತು. ಜಗಿಯುತ್ತಲೇ ನಿದ್ದೆಯ ಬಾಕಿ ತೀರಿಸುವ ಈ ಅನುಕೂಲದ ಬಗ್ಗೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ.

ಸರಿ, ಸೂಕ್ಷ್ಮಜೀವಿಗಳು ನಾರನ್ನು ಒಡೆದವು, ಗ್ಲೂಕೋಸ್ ಸಿಕ್ಕಿತು. ಆ ಗ್ಲೂಕೋಸ್ ಹಸುವಿಗೆ ಸಿಗುತ್ತದಾ? ಇಲ್ಲ. ಮೊದಲ ಪಾಲು ಅವುಗಳದ್ದು ಅಂದೆನಲ್ಲ, ಸಕ್ಕರೆಯನ್ನು ಅವೇ ತಿಂದು ಮುಗಿಸುತ್ತವೆ. ಆಮ್ಲಜನಕ ಇಲ್ಲದ ಕಾರಣ ಅದನ್ನು ಪೂರ್ತಿ ಉರಿಸಲು ಆಗುವುದಿಲ್ಲ. ಅರ್ಧಕ್ಕೇ ನಿಂತ ತ್ಯಾಜ್ಯವನ್ನು ಹೊರಗೆ ಹಾಕುತ್ತವೆ: ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಆಮ್ಲಗಳು. ಹಸು ಬದುಕುವುದು ಮುಖ್ಯವಾಗಿ ಈ ತ್ಯಾಜ್ಯದ ಮೇಲೆ. ಅದಕ್ಕೆ ಸಿಗುವ ಶಕ್ತಿಯಲ್ಲಿ ಶೇಕಡಾ 70ರ ಆಸುಪಾಸು ಈ ಆಮ್ಲಗಳದ್ದೇ.

ರೂಮೆನ್‌ನಲ್ಲಿ ಈ ಆಮ್ಲಗಳಿವೆ ಅಂತ 19ನೇ ಶತಮಾನದಲ್ಲೇ ಗೊತ್ತಿತ್ತು. ಅವು ಪ್ರಾಣಿಗೆ ನಿಜವಾಗಿ ದಕ್ಕುತ್ತವೆಯೇ ಅನ್ನುವುದು ಇತ್ಯರ್ಥವಾಗಿರಲಿಲ್ಲ. ಕೇಂಬ್ರಿಡ್ಜ್‌ನ ಜೋಸೆಫ್ ಬಾರ್‌ಕ್ರಾಫ್ಟ್ ಮತ್ತು ಜೊತೆಗಾರರು 1944ರಲ್ಲಿ ಕುರಿಯ ರೂಮೆನ್‌ನಿಂದ ಹೊರಡುವ ರಕ್ತದಲ್ಲೇ ಅವನ್ನು ಅಳೆದು ತೋರಿಸಿದರು. ರೂಮೆನ್ ಗೋಡೆಯೇ ಅವನ್ನು ಹೀರಿಕೊಳ್ಳುತ್ತದೆ. ಅದಕ್ಕೇ ಆ ಗೋಡೆಯ ತುಂಬ ನಾಲಿಗೆಯಾಕಾರದ ಪುಟ್ಟ ಪುಟ್ಟ ಚಾಚುಗಳು.

ಅಸಿಟಿಕ್ ಆಮ್ಲದಿಂದ ಹಾಲಿನ ಕೊಬ್ಬಿನ ದೊಡ್ಡ ಭಾಗ ತಯಾರಾಗುತ್ತದೆ. ಪ್ರೊಪಿಯೋನಿಕ್ ಆಮ್ಲ ಲಿವರ್‌ಗೆ ಹೋಗಿ ಅಲ್ಲಿ ಹೊಸದಾಗಿ ಗ್ಲೂಕೋಸ್ ಆಗುತ್ತದೆ. ಹಾಲಿನ ಸಕ್ಕರೆಗೆ ಬೇಕಾದ ಗ್ಲೂಕೋಸನ್ನು ಹಸು ಹೀಗೆ ತಾನೇ ಕಟ್ಟಿಕೊಳ್ಳಬೇಕು. ಇಡೀ ದಿನ ಗ್ಲೂಕೋಸಿನ ರಾಶಿಯನ್ನೇ ತಿಂದು, ಕೊನೆಗೆ ಗ್ಲೂಕೋಸಿಗೆ ಪರದಾಡುವ ಪ್ರಾಣಿ! ಕರು ಹಾಕಿದ ಹೊಸದರಲ್ಲಿ ಜಾಸ್ತಿ ಹಾಲು ಕೊಡುವ ಹಸುಗಳಿಗೆ ಕೀಟೋಸಿಸ್, ಅಂದರೆ ಗ್ಲೂಕೋಸ್ ಸಾಲದೆ ಮೈಯ ಕೊಬ್ಬು ಕರಗಿಸಿ ಸೊರಗುವ ಕಾಯಿಲೆ, ಬರುವುದು ಈ ಪರದಾಟದಿಂದಲೇ.

ತ್ಯಾಜ್ಯ ಒಂದು ಆದಾಯ. ಇನ್ನೊಂದು ಆದಾಯ ಸೂಕ್ಷ್ಮಜೀವಿಗಳೇ. ಹುಲ್ಲಿನ ಚೂರಿನ ಜೊತೆ ಅವೂ ಕೊಚ್ಚಿಕೊಂಡು ಮುಂದಕ್ಕೆ ಹೋಗುತ್ತವೆ. ಮೂರನೇ ಕೋಣೆಯಲ್ಲಿ ನೀರು ಹೀರಿಹೋಗುತ್ತದೆ. ನಾಲ್ಕನೆಯದು ನಮ್ಮದರಂತೆ ಆಮ್ಲ ಸುರಿಯುವ ಜಠರ. ಬ್ಯಾಕ್ಟೀರಿಯಾಗಳ ಗೋಡೆ ಒಡೆಯಲು ಲೈಸೋಜೈಮ್ ಎಂಬ ಕಿಣ್ವ ಬೇಕು. ಅದು ನಮ್ಮ ಕಣ್ಣೀರಿನಲ್ಲೂ ಇದೆ, ಅಲ್ಲಿ ಅದರ ಕೆಲಸ ಸೋಂಕು ತಡೆಯುವುದು. ಹಸು ಅದನ್ನು ಜಠರದಲ್ಲಿ, ಆಮ್ಲದ ನಡುವೆಯೂ ಕೆಲಸ ಮಾಡುವಂತೆ ತಿದ್ದಿಕೊಂಡು, ಜೀರ್ಣದ ಕಿಣ್ವ ಮಾಡಿಕೊಂಡಿದೆ. ಎಲೆ ತಿನ್ನುವ ಲಂಗೂರ್ ಕೋತಿಗಳ ಜಠರದಲ್ಲೂ ಮುಂದೆಯೇ ಹುದುಗುವ ಕೋಣೆಯಿದೆ. ಹಸುವಿಗೂ ಲಂಗೂರಿಗೂ ಯಾವ ಹತ್ತಿರದ ನೆಂಟಸ್ತಿಕೆಯೂ ಇಲ್ಲ. ಆದರೂ ಲಂಗೂರಿನ ಲೈಸೋಜೈಮ್ ಬೇರೆಯಾಗಿ ಬದಲಾಗುತ್ತ ಬಂದು, ಕೆಲವು ಜಾಗಗಳಲ್ಲಿ ಹಸುವಿನದ್ದನ್ನೇ ಹೋಲುವಂತಾಗಿದೆ. ದಕ್ಷಿಣ ಅಮೆರಿಕದ ಹೋಟ್ಜಿನ್ ಎಂಬ ಎಲೆ ತಿನ್ನುವ ಹಕ್ಕಿಯದ್ದೂ ಹಾಗೇ.

ಹಸುವಿನ ಸಣ್ಣ ಕರುಳನ್ನು ತಲುಪುವ ಪ್ರೋಟೀನಿನಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಹೀಗೆ ಸತ್ತ ಸೂಕ್ಷ್ಮಜೀವಿಗಳದ್ದು. ಸಸ್ಯಾಹಾರಿ ಅನ್ನುವ ಹಣೆಪಟ್ಟಿ ಈ ಲೆಕ್ಕದಲ್ಲಿ ಸ್ವಲ್ಪ ಸಡಿಲವಾಗುತ್ತದೆ.

ಈ ಸೂಕ್ಷ್ಮಜೀವಿಗಳಿಗೆ ಒಳ್ಳೆಯ ಪ್ರೋಟೀನೇ ಬೇಕೆಂದಿಲ್ಲ. ಅಮೋನಿಯಾ ಸಿಕ್ಕರೂ ಸಾಕು, ತಮ್ಮ ಪ್ರೋಟೀನನ್ನು ತಾವೇ ಕಟ್ಟಿಕೊಳ್ಳುತ್ತವೆ. ಫಿನ್‌ಲೆಂಡಿನ ಆರ್ಟುರಿ ವಿರ್ಟಾನೆನ್, 1945ರ ರಸಾಯನ ನೊಬೆಲ್ ಪಡೆದವರು, 1960ರ ದಶಕದಲ್ಲಿ ಇದನ್ನು ತುದಿ ಮುಟ್ಟಿಸಿದರು. ಹಸುಗಳಿಗೆ ಪ್ರೋಟೀನೇ ಇಲ್ಲದ ಆಹಾರ ಕೊಟ್ಟರು. ಶುದ್ಧ ಸೆಲ್ಯುಲೋಸ್, ಪಿಷ್ಟ, ಸಕ್ಕರೆ, ಸಾರಜನಕಕ್ಕೆ ಯೂರಿಯಾ ಮತ್ತು ಅಮೋನಿಯಂ ಲವಣ. ಹಸುಗಳು ಬದುಕಿದವು, ಕರು ಹಾಕಿದವು, ಹಾಲನ್ನೂ ಕೊಟ್ಟವು. ಮೇವಿನಲ್ಲಿ ಪ್ರೋಟೀನ್ ಕಡಿಮೆಯಾದಾಗ ಹಸು ತಾನೇ ಇಂಥದ್ದೊಂದು ಏರ್ಪಾಡು ಮಾಡಿಕೊಳ್ಳುತ್ತದೆ. ನಾವು ಮೂತ್ರದಲ್ಲಿ ಕಳೆದುಕೊಳ್ಳುವ ಯೂರಿಯಾವನ್ನು ಅದು ಜೊಲ್ಲಿನ ಮೂಲಕ, ರೂಮೆನ್ ಗೋಡೆಯ ಮೂಲಕ ಮತ್ತೆ ಒಳಗೆ ಬಿಡುತ್ತದೆ. ಸೂಕ್ಷ್ಮಜೀವಿಗಳು ಅದನ್ನು ಪ್ರೋಟೀನ್ ಮಾಡುತ್ತವೆ, ಹಸು ಅವನ್ನು ಅರಗಿಸುತ್ತದೆ. ಕುದುರೆಗೆ ಈ ಲಾಭ ಇಷ್ಟು ಸಲೀಸಾಗಿ ಸಿಗುವುದಿಲ್ಲ. ಅದರ ಸೂಕ್ಷ್ಮಜೀವಿಗಳು ಇರುವುದು ಸಣ್ಣ ಕರುಳು ದಾಟಿದ ಮೇಲೆ. ಅವುಗಳ ಪ್ರೋಟೀನಿನ ಬಹುಪಾಲು ಲದ್ದಿಯ ಜೊತೆ ಹೋಗುತ್ತದೆ. ಮೊಲ ಮಾತ್ರ ನಾಚಿಕೆ ಬಿಟ್ಟು ಒಂದು ಜಾತಿಯ ಮೆತ್ತನೆ ಹಿಕ್ಕೆಯನ್ನು ತಾನೇ ತಿಂದು ನಷ್ಟ ತುಂಬಿಕೊಳ್ಳುತ್ತದೆ.

ಮುಂದೆ–ಹಿಂದೆ ಅನ್ನುವ ಈ ಲೆಕ್ಕ ಎಷ್ಟು ಆಳಕ್ಕೆ ಹೋಗುತ್ತದೆ ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಒಂದು ಕಥೆಯಿದೆ. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ಕೆಲವು ಪ್ರದೇಶಗಳಲ್ಲಿ ಕುರಿ, ದನಗಳು ಸಮೃದ್ಧ ಹುಲ್ಲಿನ ನಡುವೆ ನಿಂತು ಸೊರಗಿ ಸಾಯುತ್ತಿದ್ದವು. ಮೇಯುವ ಆಸೆಯೇ ಹೋಗುತ್ತಿತ್ತು. ಬೇರೆ ಕಡೆಗೆ ಸಾಗಿಸಿದರೆ ಚೇತರಿಸಿಕೊಳ್ಳುತ್ತಿದ್ದವು. ಅದೇ ಹುಲ್ಲುಗಾವಲಿನಲ್ಲಿ ಮೇಯುವ ಕುದುರೆಗಳಿಗೆ ಏನೂ ಆಗುತ್ತಿರಲಿಲ್ಲ. ಮೊದಲು ಕಬ್ಬಿಣದ ಕೊರತೆ ಅಂದುಕೊಂಡರು. ಲಿಮೊನೈಟ್ ಎಂಬ ಕಬ್ಬಿಣದ ಅದಿರು ತಿನ್ನಿಸಿದರೆ ಗುಣವೂ ಆಗುತ್ತಿತ್ತು. ಆದರೆ ಶುದ್ಧ ಕಬ್ಬಿಣದ ಲವಣ ಕೊಟ್ಟರೆ ಆ ಗುಣ ಕಾಣುತ್ತಿರಲಿಲ್ಲ. ಕೊನೆಗೆ 1930ರ ದಶಕದ ಮಧ್ಯದಲ್ಲಿ ಆಸ್ಟ್ರೇಲಿಯಾದ ಎರಡು ಗುಂಪುಗಳು ಕಾರಣ ಹಿಡಿದವು. ಪಶ್ಚಿಮದಲ್ಲಿ ಅಂಡರ್‌ವುಡ್ ಮತ್ತು ಫಿಲ್ಮರ್, ದಕ್ಷಿಣದಲ್ಲಿ ಮಾರ್ಸ್ಟನ್ ಮತ್ತು ಜೊತೆಗಾರರು. ಗುಣ ಮಾಡುತ್ತಿದ್ದದ್ದು ಅದಿರಿನೊಳಗೆ ಕಲಬೆರಕೆಯಾಗಿದ್ದ ಕೋಬಾಲ್ಟ್.

ಸೋಜಿಗ ಇಲ್ಲಿಂದ ಶುರು. ಕೋಬಾಲ್ಟನ್ನು ಬಾಯಿಗೆ ಹಾಕಿದರೆ ಕುರಿ ಉಳಿಯುತ್ತಿತ್ತು. ಅದೇ ಕೋಬಾಲ್ಟನ್ನು ಸೂಜಿಯಲ್ಲಿ ರಕ್ತಕ್ಕೆ ಕೊಟ್ಟರೆ ಉಪಯೋಗವಿರಲಿಲ್ಲ. ಯಾಕೆ? ಉತ್ತರ ಸಿಕ್ಕಿದ್ದು 1948ರಲ್ಲಿ ವಿಟಮಿನ್ ಬಿ12 ಅನ್ನು ಶುದ್ಧ ರೂಪದಲ್ಲಿ ತೆಗೆದು, ಅದರ ನಡುವೆ ಕೋಬಾಲ್ಟ್ ಇದೆ ಅಂತ ತಿಳಿದ ಮೇಲೆ. ಕೋಬಾಲ್ಟ್ ಬೇಕಾಗಿದ್ದದ್ದು ಕುರಿಗಲ್ಲ, ರೂಮೆನ್‌ನ ಬ್ಯಾಕ್ಟೀರಿಯಾಗಳಿಗೆ. ಅವು ಅದರಿಂದ ಬಿ12 ಮಾಡುತ್ತವೆ, ಕುರಿ ಅದನ್ನು ಪಡೆಯುತ್ತದೆ. ಪ್ರೊಪಿಯೋನಿಕ್ ಆಮ್ಲವನ್ನು ಗ್ಲೂಕೋಸ್ ಮಾಡಲು ಲಿವರ್‌ಗೆ ಬಿ12 ಬೇಕೇಬೇಕು. ಅದಿಲ್ಲದಿದ್ದರೆ ಹೊಟ್ಟೆಯಲ್ಲಿ ಹುದುಗು ನಡೆದರೂ ಪ್ರಾಣಿಗೆ ದಕ್ಕುವುದಿಲ್ಲ. ಪ್ರೊಪಿಯೋನಿಕ್ ಆಮ್ಲವನ್ನೇ ಗ್ಲೂಕೋಸಿಗಾಗಿ ನೆಚ್ಚಿಕೊಳ್ಳದ ಕುದುರೆಗೆ ಈ ಕೊರತೆ ತಟ್ಟಲಿಲ್ಲ. 1958ರಲ್ಲಿ ಮಾರ್ಸ್ಟನ್ ಅವರ ತಂಡ ಕೋಬಾಲ್ಟ್ ಸೇರಿಸಿದ ಒಂದು ಭಾರದ ಗುಂಡನ್ನು ತಯಾರಿಸಿತು. ಕುರಿಗೆ ಒಮ್ಮೆ ನುಂಗಿಸಿದರೆ ಸಾಕು. ಅದು ಒಳಗೇ ಕೂತು ನಿಧಾನಕ್ಕೆ ಕರಗುತ್ತ ತಿಂಗಳುಗಟ್ಟಲೆ ಕೋಬಾಲ್ಟ್ ಒದಗಿಸುತ್ತದೆ.

ಭಾರದ ವಸ್ತು ಯಾಕೆ ಹೊರಗೆ ಹೋಗುವುದಿಲ್ಲ ಅಂದರೆ ಎರಡನೇ ಕೋಣೆಯಿಂದ. ಒಳಗೋಡೆಯ ತುಂಬ ಜೇನುಗೂಡಿನಂಥ ಷಟ್ಕೋನದ ಏಣುಗಳಿರುವ ಈ ಕೋಣೆ ಎಲ್ಲಕ್ಕಿಂತ ತಗ್ಗಿನಲ್ಲಿದೆ. ಹುಲ್ಲಿನ ಜೊತೆ ನುಂಗಿದ ಮೊಳೆ, ತಂತಿ ಚೂರುಗಳೂ ಬಂದು ಬೀಳುವುದು ಇಲ್ಲೇ. ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯ ಆಚೆ ಕೆಲವೇ ಸೆಂಟಿಮೀಟರ್ ದೂರದಲ್ಲಿ ಹೃದಯ. ಪ್ರತಿ ಸಲ ಕೋಣೆ ಹಿಂಡಿದಾಗ ತಂತಿ ಇನ್ನಷ್ಟು ಮುಂದಕ್ಕೆ ಚುಚ್ಚುತ್ತದೆ. ಇದಕ್ಕೆ ಮುಂಜಾಗ್ರತೆಯಾಗಿ ಹಸುವಿಗೆ ಬೆರಳುದ್ದದ ಒಂದು ಆಯಸ್ಕಾಂತ ನುಂಗಿಸುವ ಪದ್ಧತಿ ಇದೆ. ಅದು ಜೀವನಪರ್ಯಂತ ಅಲ್ಲೇ ಕೂತು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಮೊದಲ ಪಾಲು ಸೂಕ್ಷ್ಮಜೀವಿಗಳಿಗೆ ಅಂದರೆ ಮೊದಲ ವಿಷವೂ ಅವಕ್ಕೇ. ಸುಬಾಬುಲ್ ಸೊಪ್ಪಿನಲ್ಲಿ ಪ್ರೋಟೀನ್ ಜಾಸ್ತಿ, ಜೊತೆಗೆ ಮಿಮೊಸಿನ್ ಎಂಬ ವಿಷವೂ ಇದೆ. ಆಸ್ಟ್ರೇಲಿಯಾದ ದನಗಳು ಇದನ್ನು ಜಾಸ್ತಿ ತಿಂದರೆ ಕೂದಲು ಉದುರುತ್ತಿತ್ತು, ಥೈರಾಯ್ಡ್ ಗ್ರಂಥಿ ಊದಿಕೊಳ್ಳುತ್ತಿತ್ತು. ಹವಾಯಿಯ ಆಡುಗಳು ಅದೇ ಸೊಪ್ಪು ಮೇಯ್ದು ಆರಾಮಾಗಿದ್ದವು. ವ್ಯತ್ಯಾಸ ಆಡಿನಲ್ಲಿಲ್ಲ, ಅದರ ಹೊಟ್ಟೆಯ ಬ್ಯಾಕ್ಟೀರಿಯಾಗಳಲ್ಲಿದೆ ಅಂತ ಊಹಿಸಿದವರು ರೇಮಂಡ್ ಜೋನ್ಸ್. 1980ರ ದಶಕದಲ್ಲಿ ಅವರು ಮತ್ತು ಜೊತೆಗಾರರು ಹವಾಯಿಯ ಆಡಿನ ರೂಮೆನ್ ಬ್ಯಾಕ್ಟೀರಿಯಾಗಳನ್ನು ಆಸ್ಟ್ರೇಲಿಯಾದ ಪ್ರಾಣಿಗಳ ಹೊಟ್ಟೆಗೆ ಸೇರಿಸಿದರು. ವಿಷ ತಟ್ಟುವುದು ನಿಂತಿತು. ಆ ಗುಣ ಹಿಂಡಿನಲ್ಲಿ ಒಂದರಿಂದ ಇನ್ನೊಂದಕ್ಕೆ ಹರಡಿತು ಕೂಡ. ಆ ಬ್ಯಾಕ್ಟೀರಿಯಾಕ್ಕೆ 1992ರಲ್ಲಿ ಜೋನ್ಸ್ ಹೆಸರನ್ನೇ ಸೇರಿಸಿ ಸಿನರ್ಜಿಸ್ಟಿಸ್ ಜೋನ್ಸಿಯೈ ಅಂತ ಹೆಸರಿಟ್ಟರು. ಒಂದು ಪ್ರಾಣಿ ಏನು ತಿನ್ನಬಲ್ಲದು ಅನ್ನುವುದು ಅದರ ಜಾತಿಯಷ್ಟೇ ಅಲ್ಲ, ಅದು ಯಾರ ಜೊತೆ ಬೆಳೆಯಿತು ಅನ್ನುವುದರ ಮೇಲೂ ನಿಂತಿದೆ. ಮೇವು ಬಿಟ್ಟ ಪ್ರಾಣಿಗೆ ಆರೋಗ್ಯವಂತ ಪ್ರಾಣಿಯ ರೂಮೆನ್ ರಸ ಕುಡಿಸುವ ಚಿಕಿತ್ಸೆ ಇಂದಿಗೂ ಇದೆ. ಕೇಳಲು ಅಸಹ್ಯ, ಆದರೆ ಬಲು ಸರಳ.

ಇನ್ನು ನಷ್ಟದ ಬಾಬತ್ತು. ಒಳ್ಳೆಯದೂ ಮೊದಲು ಅವಕ್ಕೇ ಹೋಗುತ್ತದಲ್ಲ, ತೊಂದರೆ ಅಲ್ಲಿದೆ. ಕಾಳು ನಮಗೆ ನೇರ ಗ್ಲೂಕೋಸ್. ಹಸುವಿನೊಳಗೆ ಅದು ಬ್ಯಾಕ್ಟೀರಿಯಾಗಳ ಪಾಲು. ಅಭ್ಯಾಸವಿಲ್ಲದ ಹಸು ಕಾಳಿನ ರಾಶಿಗೆ ಬಾಯಿ ಹಾಕಿದರೆ ಪಿಷ್ಟ ತಿನ್ನುವ ಜಾತಿಗಳು ಗಂಟೆಗಳಲ್ಲಿ ವಿಪರೀತ ಬೆಳೆಯುತ್ತವೆ, ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ನಾರು ತಿನ್ನುವ ಜಾತಿಗಳು ಸಾಯುತ್ತವೆ, ರೂಮೆನ್ ಗೋಡೆ ಸುಡುತ್ತದೆ, ರಕ್ತದ ನೀರೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದೆರಡು ದಿನದಲ್ಲಿ ಹಸು ಸಾಯಬಹುದು. ಮೊದಲ ಪಾಲಿನವರ ಊಟ ದಿಢೀರನೆ ಬದಲಾಗಬಾರದು. ಮೇವು ಬದಲಿಸುವುದಿದ್ದರೆ ವಾರಗಟ್ಟಲೆ ನಿಧಾನಕ್ಕೆ ಬದಲಿಸಿ ಅನ್ನುವುದು ಇದಕ್ಕೇ.

ಎಳೆಯ ಕುದುರೆಮೆಂತ್ಯೆ, ಕ್ಲೋವರ್ ಸೊಪ್ಪು ಜಾಸ್ತಿಯಾದರೆ ಬೇರೆ ಅಪಾಯ. ಹುದುಗಿನ ಗಾಳಿ ನೊರೆಯಲ್ಲಿ ಸಿಕ್ಕಿಕೊಳ್ಳುತ್ತದೆ, ತೇಗಲು ಆಗುವುದಿಲ್ಲ. ಹೊಟ್ಟೆಯುಬ್ಬರ ಶ್ವಾಸಕೋಶವನ್ನೇ ಒತ್ತಿ ಕೊಲ್ಲುತ್ತದೆ. ನೊರೆ ಒಡೆಯಲು ಎಣ್ಣೆ ಕುಡಿಸುತ್ತಾರೆ. ತೀರಾ ಮೀರಿದಾಗ ಎಡಪಕ್ಕೆಗೇ ಚುಚ್ಚಬೇಕಾಗುತ್ತದೆ.

ಕರುವಿಗೆ ಹಾಲು ಕುಡಿಸುವ ವಿಷಯದಲ್ಲಿ ಮಾತ್ರ ಈ ಸರದಿಗೆ ರಿಯಾಯಿತಿ ಇದೆ. ಹಾಲನ್ನು ಸೂಕ್ಷ್ಮಜೀವಿಗಳಿಗೆ ಕೊಡುವುದು ಶುದ್ಧ ದಂಡ. ಕರು ಕೆಚ್ಚಲಿಗೆ ಬಾಯಿ ಹಾಕಿದೊಡನೆ ಅನ್ನನಾಳದ ತುದಿಯಲ್ಲಿ ಎರಡು ಮಡಿಕೆಗಳು ಕೂಡಿಕೊಂಡು ಕೊಳವೆಯಾಗುತ್ತವೆ. ಹಾಲು ರೂಮೆನ್ ಮುಟ್ಟದೆ ನೇರ ನಾಲ್ಕನೇ ಕೋಣೆಗೆ ಹೋಗುತ್ತದೆ. ಇದೇ ಉಪಾಯವನ್ನು ಮನುಷ್ಯರು ದೊಡ್ಡ ಪ್ರಾಣಿಗಳಿಗೂ ಹೂಡಿದರು. 1960ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಪ್ರೋಟೀನಿಗೆ ಫಾರ್ಮಾಲ್ಡಿಹೈಡ್ ಹಾಕಿ ರೂಮೆನ್‌ನಲ್ಲಿ ಒಡೆಯದಂತೆ ಮಾಡಿ ಕುರಿಗಳಿಗೆ ತಿನ್ನಿಸಿದರು. ಪ್ರೋಟೀನ್ ಕರುಳಿಗೇ ನೇರ ತಲುಪಿತು, ಉಣ್ಣೆ ಜಾಸ್ತಿ ಬೆಳೆಯಿತು. ಇಂದು ಮಾರುಕಟ್ಟೆಯಲ್ಲಿರುವ ಬೈಪಾಸ್ ಪ್ರೋಟೀನ್, ಬೈಪಾಸ್ ಕೊಬ್ಬುಗಳೆಲ್ಲ ಇದರ ನೆಂಟರು.

ಕೊನೆಯ ನಷ್ಟ ಗಾಳಿಯದ್ದು. ಬ್ಯಾಕ್ಟೀರಿಯಾಗಳು ಸಕ್ಕರೆ ಹುದುಗಿಸುವಾಗ ಹೈಡ್ರೋಜನ್ ಹುಟ್ಟುತ್ತದೆ. ಅದು ತುಂಬಿಕೊಂಡರೆ ಹುದುಗೇ ನಿಂತುಬಿಡುತ್ತದೆ. ಆರ್ಕಿಯಾ ಎಂಬ ಇನ್ನೊಂದು ಬಗೆಯ ಸೂಕ್ಷ್ಮಜೀವಿಗಳು ಆ ಹೈಡ್ರೋಜನನ್ನು ಇಂಗಾಲದ ಡೈಆಕ್ಸೈಡಿಗೆ ಸೇರಿಸಿ ಮೀಥೇನ್ ಮಾಡಿ ಜಾಗ ತೆರವು ಮಾಡುತ್ತವೆ. ದೊಡ್ಡ ಹಸುವೊಂದು ದಿನಕ್ಕೆ 250ರಿಂದ 500 ಲೀಟರ್ ಮೀಥೇನ್ ಹೊರಬಿಡುತ್ತದೆ. ಅದು ಹೋಗುವುದು ಬಾಲದ ಕೆಳಗಿನಿಂದ ಅಂತ ಜೋಕು ಮಾಡುವವರು ಗಮನಿಸಿ, ಬಹುಪಾಲು ಹೋಗುವುದು ಬಾಯಿಂದ, ತೇಗಿನಲ್ಲಿ. ವಾತಾವರಣದ ಲೆಕ್ಕ ಒಂದು ಕಡೆ ಇರಲಿ, ಹಸುವಿನ ಲೆಕ್ಕದಲ್ಲೂ ಇದು ದಂಡವೇ. ತಿಂದ ಶಕ್ತಿಯಲ್ಲಿ ಶೇಕಡಾ ಆರರಷ್ಟು ಹೀಗೆ ಗಾಳಿಗೆ ಹೋಗುತ್ತದೆ.

ಆರ್ಕಿಯಾಗಳ ಕೈಕಟ್ಟುವ 3-ಎನ್‌ಒಪಿ ಎಂಬ ಪದಾರ್ಥಕ್ಕೆ ಯುರೋಪಿಯನ್ ಒಕ್ಕೂಟ 2022ರಲ್ಲಿ ಹೈನು ಹಸುಗಳಿಗೆ ಕೊಡಲು ಒಪ್ಪಿಗೆ ಕೊಟ್ಟಿತು. ಮೀಥೇನ್ ಸುಮಾರು ಶೇಕಡಾ 30ರಷ್ಟು ಇಳಿಯುತ್ತದೆ. ಕೆಂಪು ಕಡಲಪಾಚಿಯೊಂದರ ಪ್ರಯೋಗಗಳಲ್ಲಿ ಇನ್ನೂ ಜಾಸ್ತಿ ಇಳಿದದ್ದೂ ಇದೆ. ಸುದ್ದಿಗಳೆಲ್ಲ ಇಳಿದ ಮೀಥೇನ್ ಬಗ್ಗೆಯೇ ಬರೆಯುತ್ತವೆ. ನನಗೆ ಕೇಳಬೇಕೆನ್ನಿಸುವುದು ಉಳಿದ ಹೈಡ್ರೋಜನ್ ಎಲ್ಲಿ ಹೋಯಿತು ಅಂತ. ಅದರ ಒಂದು ಭಾಗ ಪ್ರೊಪಿಯೋನಿಕ್ ಆಮ್ಲದ ಕಡೆ ತಿರುಗುತ್ತದೆ, ಇನ್ನೊಂದು ಭಾಗ ಹೈಡ್ರೋಜನ್ ಆಗಿಯೇ ತೇಗಿನಲ್ಲಿ ಹೊರಬೀಳುತ್ತದೆ. ಅಂದರೆ ದಂಡದ ರೂಪ ಬದಲಾಯಿತು, ದಂಡ ಪೂರ್ತಿ ತಪ್ಪಲಿಲ್ಲ. ಹಾಲಿನ ಪ್ರಮಾಣ ಹೇಳಿಕೊಳ್ಳುವಷ್ಟು ಏರದಿರುವುದಕ್ಕೆ ಇದೂ ಒಂದು ಕಾರಣ. ಕಾಂಗರೂಗಳ ಹೊಟ್ಟೆಯಲ್ಲೂ ಹುದುಗುವ ಕೋಣೆ ಮುಂದೆಯೇ ಇದೆ. ಅಲ್ಲಿ ಹೈಡ್ರೋಜನ್‌ನ ಒಂದಷ್ಟು ಪಾಲು ಅಸಿಟಿಕ್ ಆಮ್ಲವಾಗುತ್ತದೆ, ಮೀಥೇನ್ ಬಲು ಕಡಿಮೆ. ಹಾಗೆ ಮಾಡಬಲ್ಲ ಬ್ಯಾಕ್ಟೀರಿಯಾಗಳು ಹಸುವಿನ ರೂಮೆನ್‌ನಲ್ಲೂ ಇವೆ. ಆದರೆ ಹೈಡ್ರೋಜನ್ ತೀರಾ ತೆಳುವಾಗಿದ್ದಾಗಲೂ ಹಿಡಿಯುವ ಆರ್ಕಿಯಾಗಳ ಮುಂದೆ ಅವಕ್ಕೆ ಏನೂ ಸಿಗುವುದಿಲ್ಲ. ರೂಮೆನ್‌ನ ಒಳಗೂ ಮೊದಲ ಪಾಲಿಗೆ ಜಗಳ ಇದ್ದೇ ಇದೆ, ಸದ್ಯಕ್ಕೆ ಗೆಲ್ಲುತ್ತಿರುವುದು ಮೀಥೇನ್ ಮಾಡುವವರೇ.